ಗದ್ದಲವೋ, ಪ್ರಾರ್ಥನೆಯೋ?

ಇದು ಸಂಗೀತವೇ, ಇಲ್ಲ ಬರೀ ಗದ್ದಲವೇ? ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆಲ್ಬರ್ಟ್ ಐಲರ್ ಬದುಕಿದ್ದಷ್ಟು ದಿನವೂ ಈ ಪ್ರಶ್ನೆ ಆತನ ಬೆನ್ನು ಬಿಡಲಿಲ್ಲ. ಕೆಲವರು ನಕ್ಕರು, ಕೆಲವರು ಎದ್ದು ಹೋದರು. ಕೆಲವರು ಮಾತ್ರ ಕೂತಲ್ಲಿಯೇ ಕರಗಿಹೋದರು. ಆ ಕೆಲವರಲ್ಲಿ ಜಾನ್ ಕೋಲ್ಟ್ರೇನ್ ಎಂಬ ಮಹಾ ವಾದಕನೂ ಒಬ್ಬ. ಇಷ್ಟೊಂದು ಜಗಳಕ್ಕೆ ಕಾರಣವಾದ ವಾದನದ ಸಾರವೆಲ್ಲ ಅರ್ಧ ಗಂಟೆಯೂ ತುಂಬದ ಒಂದು ಗ್ರಾಮಫೋನ್ ತಟ್ಟೆಯಲ್ಲಿದೆ. ಅದರ ಹೆಸರು 'ಸ್ಪಿರಿಚುವಲ್ ಯೂನಿಟಿ'. ಕನ್ನಡದಲ್ಲಿ ಹೇಳುವುದಾದರೆ 'ಆತ್ಮಗಳ ಐಕ್ಯ'.

ಈ ಧ್ವನಿಮುದ್ರಣ ನಡೆದದ್ದು 1964ರ ಜುಲೈ 10ರಂದು, ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಬಳಿಯ ವೆರೈಟಿ ಆರ್ಟ್ಸ್ ಎಂಬ ಸಣ್ಣ ಸ್ಟುಡಿಯೊದಲ್ಲಿ. ನುಡಿಸಿದವರು ಮೂವರೇ. ಟೆನರ್ ಸ್ಯಾಕ್ಸೊಫೋನಿನಲ್ಲಿ ಐಲರ್, ಡಬಲ್ ಬೇಸ್‌ನಲ್ಲಿ ಗ್ಯಾರಿ ಪೀಕಾಕ್, ಡ್ರಮ್ಸ್‌ನಲ್ಲಿ ಸನ್ನಿ ಮರ್ರೆ. ಐಲರ್‌ಗೆ ಇಪ್ಪತ್ತೆಂಟು ತುಂಬಲು ಆಗ ಇನ್ನು ಮೂರು ದಿನ ಉಳಿದಿತ್ತು. ಏಳು ವರ್ಷ ಕಳೆಯುವುದರೊಳಗೆ ಆತನ ಬದುಕೇ ಮುಗಿದುಹೋಯಿತು. ಆದರೆ ಈ ತಟ್ಟೆ ಉಳಿಯಿತು. 'ಫ್ರೀ ಜಾಜ್' ಎಂದು ಕರೆಸಿಕೊಳ್ಳುವ ಸಂಗೀತ ಪಂಥದ ಚರಿತ್ರೆಯನ್ನು ಇದನ್ನು ಬಿಟ್ಟು ಬರೆಯಲು ಇಂದು ಯಾರಿಗೂ ಸಾಧ್ಯವಿಲ್ಲ.

ಫ್ರೀ ಜಾಜ್ ಎಂಬ ಹೆಸರು ಕೇಳಿದೊಡನೆ ಹುಟ್ಟುವ ಕಲ್ಪನೆ ಒಂದೇ: ಯಾರು ಏನು ಬೇಕಾದರೂ ನುಡಿಸಬಹುದು, ನಿಯಮವೇ ಇಲ್ಲ. ಐಲರ್‌ನ ತಟ್ಟೆಯನ್ನು ಗಮನವಿಟ್ಟು ಕೇಳಿದರೆ ಈ ಕಲ್ಪನೆ ತಲೆಕೆಳಗಾಗುತ್ತದೆ. ಇಲ್ಲಿ ಸ್ವಾತಂತ್ರ್ಯವೆಂದರೆ ತನಗೆ ತೋಚಿದ್ದನ್ನು ನುಡಿಸುವುದಲ್ಲ, ಪಕ್ಕದಲ್ಲಿರುವವನನ್ನು ಮೊದಲಿಗಿಂತ ಹೆಚ್ಚು ಆಲಿಸುವುದು. ಅದು ಹೇಗೆ ಎಂದು ತಿಳಿಯಬೇಕಾದರೆ ಐಲರ್ ಎಲ್ಲಿಂದ ಬಂದ, ಅವನು ಬಿಟ್ಟದ್ದೇನು, ಹಿಡಿದದ್ದೇನು ಎಂಬುದನ್ನು ನೋಡಬೇಕು.

ಚರ್ಚಿನಿಂದ ಸೇನೆಗೆ

ಐಲರ್ ಹುಟ್ಟಿದ್ದು 1936ರ ಜುಲೈ 13ರಂದು, ಓಹಾಯೊ ರಾಜ್ಯದ ಕ್ಲೀವ್‌ಲೆಂಡ್ ಪ್ರದೇಶದಲ್ಲಿ. ತಂದೆ ಎಡ್ವರ್ಡ್ ಸ್ಯಾಕ್ಸೊಫೋನ್ ಹಾಗೂ ಪಿಟೀಲು ಎರಡನ್ನೂ ಬಲ್ಲವರು. ಮಗನಿಗೆ ಅವರೇ ಮೊದಲ ಗುರು. ತಂದೆ-ಮಗ ಚರ್ಚಿನಲ್ಲಿ ಜೋಡಿಯಾಗಿ ನುಡಿಸುತ್ತಿದ್ದರು. ಕಪ್ಪು ಜನರ ಚರ್ಚು ಎಂದರೆ ಮೌನವಾಗಿ ಕುಳಿತು ಪ್ರವಚನ ಕೇಳುವ ಜಾಗವಲ್ಲ. ಅಲ್ಲಿ ಪಾದ್ರಿ ಕೂಗಿದರೆ ಜನ ಮರುಕೂಗುತ್ತಾರೆ. ಹಾಡು ಏರುತ್ತಾ ಹೋಗಿ, ಮಾತು ಮುರಿದು, ಬರೀ ಧ್ವನಿ ಉಳಿಯುತ್ತದೆ. ಕೆಲವರು ಅಳುತ್ತಾರೆ, ಕೆಲವರು ಮೈದುಂಬಿ ಕುಣಿಯುತ್ತಾರೆ. ಪವಿತ್ರಾತ್ಮವೇ ಬಂದು ಮೈಮೇಲೆ ನಿಂತಿತು ಎಂಬುದು ಅವರ ನಂಬಿಕೆ. ಐಲರ್‌ನ ಕಿವಿ ಬೆಳೆದದ್ದು ಈ ಧ್ವನಿಯ ನಡುವೆ.

ಹುಡುಗ ಓದಿನ ಜೊತೆಗೆ ಗಾಲ್ಫ್ ಆಟದಲ್ಲೂ ಚುರುಕಾಗಿದ್ದ. ಹದಿಹರೆಯದಲ್ಲೇ ಪ್ರಸಿದ್ಧ ಬ್ಲೂಸ್ ಹಾಡುಗಾರ ಹಾಗೂ ಮೌತ್ ಆರ್ಗನ್ ವಾದಕ ಲಿಟಲ್ ವಾಲ್ಟರ್‌ನ ತಂಡದೊಂದಿಗೆ ಬೇಸಿಗೆ ರಜೆಗಳಲ್ಲಿ ಊರೂರು ಸುತ್ತಿದ. ಜಾಜ್‌ನ ಆಧುನಿಕ ಶೈಲಿಯಾದ 'ಬಿಬಾಪ್' ಕೂಡ ಆತನಿಗೆ ಕರಗತವಾಗಿತ್ತು. ಆ ಶೈಲಿಯ ಅಧ್ವರ್ಯು ಚಾರ್ಲಿ ಪಾರ್ಕರ್‌ನ ಅಡ್ಡಹೆಸರು 'ಬರ್ಡ್'. ಊರಿನವರು ಐಲರ್‌ನನ್ನು 'ಲಿಟಲ್ ಬರ್ಡ್' ಎಂದು ಕರೆದರು. ನಿಯಮ ಗೊತ್ತಿಲ್ಲದೆ ನಿಯಮ ಮುರಿದವನು ಎಂದು ಮುಂದೆ ಟೀಕಿಸಿದವರು ಈ ಸಂಗತಿಯನ್ನು ಗಮನಿಸಿರಲಿಲ್ಲ.

1958ರಲ್ಲಿ ಐಲರ್ ಸೇನೆ ಸೇರಿದ. ಸೇನಾ ಬ್ಯಾಂಡಿನಲ್ಲಿ ಕೆಲಸ, ಫ್ರಾನ್ಸಿನ ಆರ್ಲಿಯಾನ್ಸ್‌ನಲ್ಲಿ ವಾಸ. ಅದುವರೆಗೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು ಅದಕ್ಕಿಂತ ದೊಡ್ಡದೂ ಗಂಭೀರ ಧ್ವನಿಯದೂ ಆದ ಟೆನರ್‌ಗೆ ಬದಲಾದದ್ದು ಸೇನೆಯಲ್ಲಿದ್ದಾಗಲೇ. ಬ್ಯಾಂಡಿನ ಮೆರವಣಿಗೆ ರಾಗಗಳೂ ಫ್ರೆಂಚ್ ನಾಡಗೀತೆಯ ಧಾಟಿಯೂ ಆತನೊಳಗೆ ಇಳಿದವು. 1965ರ 'ಸ್ಪಿರಿಟ್ಸ್ ರಿಜಾಯ್ಸ್' ಎಂಬ ಕೃತಿಯಲ್ಲಿ ಆ ನಾಡಗೀತೆಯ ನೆರಳು ಸ್ಪಷ್ಟವಾಗಿ ಕೇಳಿಸುತ್ತದೆ. ಅಂದರೆ ಐಲರ್‌ನ ಬುತ್ತಿಯಲ್ಲಿ ಇದ್ದದ್ದು ಮೂರು ಸಾಮಾನ್ಯ ಸಂಗತಿಗಳು: ಚರ್ಚಿನ ಹಾಡು, ಬೀದಿಯ ಬ್ಲೂಸ್, ಸೇನೆಯ ಬ್ಯಾಂಡು. ಮೂರೂ ಪಂಡಿತರಿಗಾಗಿ ಹುಟ್ಟಿದ ಸಂಗೀತಗಳಲ್ಲ.

ಸೇನೆಯಿಂದ ಬಿಡುಗಡೆಯಾದ ಮೇಲೆ ಅಮೆರಿಕದಲ್ಲಿ ಆತನ ವಾದನಕ್ಕೆ ಕಿವಿಗೊಡುವವರು ಸಿಗಲಿಲ್ಲ. 1962ರಲ್ಲಿ ಸ್ವೀಡನ್‌ಗೆ ಹೋದ. ಮೊದಲ ಧ್ವನಿಮುದ್ರಣ ನಡೆದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಅಲ್ಲಿನ ಸಹವಾದಕರಿಗೆ ಹಳೆಯ ಜಾಜ್ ಗೊತ್ತಿತ್ತು, ಐಲರ್ ಹುಡುಕುತ್ತಿದ್ದ ದಾರಿ ಗೊತ್ತಿರಲಿಲ್ಲ. ಅವರು ಒಂದು ಕಡೆ ನುಡಿಸಿದರೆ ಈತ ಇನ್ನೊಂದು ಕಡೆ ಹರಿದ. ಆ ವರ್ಷದ ಕೊನೆಯಲ್ಲಿ ಪಿಯಾನೊ ವಾದಕ ಸೆಸಿಲ್ ಟೇಲರ್‌ನ ತಂಡ ಸ್ಕ್ಯಾಂಡಿನೇವಿಯಕ್ಕೆ ಬಂದಾಗ ಪರಿಸ್ಥಿತಿ ಬದಲಾಯಿತು. ಆ ತಂಡದಲ್ಲಿದ್ದ ಡ್ರಮ್ಸ್ ವಾದಕನೇ ಸನ್ನಿ ಮರ್ರೆ.

ಆವರ್ತ ಬಿಟ್ಟವರು

ಮರ್ರೆ ಯಾಕೆ ಮುಖ್ಯ ಎಂಬುದಕ್ಕೆ ಜಾಜ್‌ನ ಕಟ್ಟುಪಾಡನ್ನು ಸ್ವಲ್ಪ ತಿಳಿಯಬೇಕು. ಸಾಮಾನ್ಯ ಜಾಜ್ ತಂಡದಲ್ಲಿ ಮೊದಲು ಎಲ್ಲರೂ ಸೇರಿ ಒಂದು ಹಾಡಿನ ಧಾಟಿಯನ್ನು ನುಡಿಸುತ್ತಾರೆ. ಆ ಹಾಡಿಗೆ ಒಂದು ಅಳತೆ ಇರುತ್ತದೆ. ಹೆಚ್ಚಾಗಿ ಹನ್ನೆರಡು ಅಥವಾ ಮೂವತ್ತೆರಡು ಘಟಕಗಳ ಒಂದು ಸುತ್ತು, ಪ್ರತಿ ಘಟಕದ ಕೆಳಗೆ ಇಂಥದೇ ಸ್ವರಗುಚ್ಛ ಬರಬೇಕೆಂಬ ಕರಾರು. ಆಮೇಲೆ ಒಬ್ಬೊಬ್ಬರಾಗಿ ಆ ಸುತ್ತಿನ ಮೇಲೆ ತಮ್ಮ ಮನೋಧರ್ಮ ತೋರಿಸುತ್ತಾರೆ. ಸ್ವರಗುಚ್ಛಗಳನ್ನು ನೆನಪಿಸುವುದು ಪಿಯಾನೊ, ನಡಿಗೆ ಕೊಡುವುದು ಬೇಸ್, ಲಯ ಕಾಯುವುದು ಡ್ರಮ್ಸ್. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದು ತಾಳದ ಆವರ್ತಕ್ಕೆ ಕಟ್ಟುಬಿದ್ದ ಸ್ವರಪ್ರಸ್ತಾರದ ಹಾಗೆ.

ಈ ಕಟ್ಟು ಒಂದೇ ದಿನದಲ್ಲಿ ಸಡಿಲವಾಗಲಿಲ್ಲ. 1957ರಲ್ಲಿ ಸನ್ನಿ ರಾಲಿನ್ಸ್ ಪಿಯಾನೊ ಇಲ್ಲದೆ ಸ್ಯಾಕ್ಸೊಫೋನ್, ಬೇಸ್, ಡ್ರಮ್ಸ್ ಮೂರರಿಂದಲೇ ಕಛೇರಿ ನಡೆಸಬಹುದೆಂದು ತೋರಿಸಿದ. 1959ರಲ್ಲಿ ನ್ಯೂಯಾರ್ಕಿಗೆ ಬಂದ ಆರ್ನೆಟ್ ಕೋಲ್ಮನ್ ಸ್ವರಗುಚ್ಛಗಳ ಕರಾರನ್ನೇ ಬಿಟ್ಟುಬಿಟ್ಟ. 1960ರ ಡಿಸೆಂಬರ್‌ನಲ್ಲಿ ಮುದ್ರಿಸಿದ ಆತನ 'ಫ್ರೀ ಜಾಜ್' ಎಂಬ ತಟ್ಟೆಯ ಹೆಸರೇ ಇಡೀ ಪಂಥಕ್ಕೆ ಅಂಟಿಕೊಂಡಿತು. ಆದರೆ ಕೋಲ್ಮನ್‌ನ ಸಂಗೀತದಲ್ಲಿಯೂ ಒಂದು ಸಂಗತಿ ಅಲುಗದೆ ಉಳಿದಿತ್ತು: ಕಾಲು ಕುಣಿಸುವ, ಎಣಿಸಬಹುದಾದ ಲಯ. ಕೇಳುಗನಿಗೆ ಹಿಡಿದು ನಿಲ್ಲಲು ಅದೊಂದು ಕಂಬ.

ಮರ್ರೆ ಆ ಕಂಬವನ್ನೂ ತೆಗೆದ. ಆತನ ವಾದನದಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಲು ಏನೂ ಸಿಗುವುದಿಲ್ಲ. ತಾಳದ ತಟ್ಟೆಗಳ ಮೇಲೆ ಕೋಲು ಸದಾ ಆಡುತ್ತಿರುತ್ತದೆ. ಮಳೆ ಹೆಂಚಿನ ಮೇಲೆ ಬೀಳುವ ಹಾಗೆ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ನಡುನಡುವೆ ದೊಡ್ಡ ಡ್ರಮ್ಮಿನ ಗುಡುಗು. ಅದರ ಜೊತೆಗೆ ಮರ್ರೆ ತನಗರಿವಿಲ್ಲದಂತೆ ಹೊರಡಿಸುವ ನರಳಿಕೆಯಂಥ ಗುನುಗು. ಧ್ವನಿಮುದ್ರಿಕೆಯಲ್ಲಿ ಅದೂ ಕೇಳುತ್ತದೆ. ಲಯ ಇಲ್ಲವೆಂದಲ್ಲ. ಗಡಿಯಾರದ ಲಯ ಹೋಗಿ ಉಸಿರಾಟದ ಲಯ ಬಂದಿತ್ತು.

ನಮ್ಮಲ್ಲಿ ರಾಗಾಲಾಪನೆಗೆ ತಾಳದ ಹಂಗಿಲ್ಲ. ಆದರೂ ಅದು ಅಂಕೆ ತಪ್ಪಿದ್ದೆಂದು ಯಾರೂ ಹೇಳುವುದಿಲ್ಲ. ಅಲ್ಲಿ ಶ್ರುತಿ ಇದೆ, ರಾಗದ ಚೌಕಟ್ಟಿದೆ. ಐಲರ್‌ನ ಸಂಗೀತದಲ್ಲಿ ಆ ಎರಡು ಆಸರೆಗಳೂ ಇಲ್ಲ. ಹಾಗಾದರೆ ಮೂವರನ್ನು ಹಿಡಿದಿಟ್ಟದ್ದು ಯಾವುದು?

ವಕೀಲನೊಬ್ಬನ ಕಂಪನಿ

ಆ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಈ ತಟ್ಟೆ ಹೊರಬಂದ ಬಗೆಯನ್ನು ಹೇಳಬೇಕು. 1963ರಲ್ಲಿ ಐಲರ್ ಅಮೆರಿಕಕ್ಕೆ ಮರಳಿದ. ಆ ವರ್ಷದ ಡಿಸೆಂಬರ್‌ನ ಒಂದು ರಾತ್ರಿ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಬೇಬಿ ಗ್ರ್ಯಾಂಡ್ ಎಂಬ ಕೆಫೆಯಲ್ಲಿ ಪಿಯಾನೊ ವಾದಕ ಎಲ್ಮೊ ಹೋಪ್‌ನ ತಂಡ ನುಡಿಸುತ್ತಿತ್ತು. ಕರೆಯದೆಯೇ ವೇದಿಕೆ ಹತ್ತಿದ ಐಲರ್ ನುಡಿಸಲು ಶುರುಮಾಡಿದ. ತಂಡದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿ ಆತ ಒಬ್ಬನನ್ನೇ ಬಿಟ್ಟು ಕೇಳುತ್ತಾ ಕೂತರು. ಕೆಳಗೆ ಕೂತಿದ್ದವರಲ್ಲಿ ಬರ್ನಾರ್ಡ್ ಸ್ಟೋಲ್ಮನ್ ಎಂಬ ವಕೀಲನಿದ್ದ. ವಾದನ ಮುಗಿದೊಡನೆ ಆತ ಐಲರ್ ಬಳಿ ಹೋಗಿ, ತಾನೊಂದು ಧ್ವನಿಮುದ್ರಿಕೆ ಕಂಪನಿ ತೆರೆಯುತ್ತೇನೆ, ನೀನೇ ಮೊದಲ ಕಲಾವಿದನಾಗಬೇಕು ಎಂದು ಕೇಳಿದ. ಈ ಘಟನೆಯನ್ನು ಸ್ಟೋಲ್ಮನ್ ಜೀವನದುದ್ದಕ್ಕೂ ಹೇಳುತ್ತಿದ್ದ.

ಕಂಪನಿಯ ಹೆಸರು 'ಇಎಸ್‌ಪಿ ಡಿಸ್ಕ್'. ಹೆಸರಿನ ಮೂಲ 'ಎಸ್ಪೆರಾಂತೊ'. ಲೋಕದ ಎಲ್ಲ ಜನರೂ ಮಾತನಾಡಬಹುದಾದ ಒಂದು ಭಾಷೆ ಬೇಕೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಕೃತಕ ಭಾಷೆ ಅದು. ಸ್ಟೋಲ್ಮನ್ ಅದರ ಕಟ್ಟಾ ಅಭಿಮಾನಿ. ಕಂಪನಿಯ ಮೊದಲ ತಟ್ಟೆ ಆ ಭಾಷೆಯನ್ನು ಪ್ರಚಾರ ಮಾಡುವಂಥದು. ಎರಡನೆಯದೇ 'ಸ್ಪಿರಿಚುವಲ್ ಯೂನಿಟಿ'. ತಾವು ಏನು ನುಡಿಸಬೇಕೆಂಬುದನ್ನು ಕಲಾವಿದರೇ ತೀರ್ಮಾನಿಸುತ್ತಾರೆ, ಬೇರೆ ಯಾರೂ ಅಲ್ಲ ಎಂಬ ಘೋಷಣೆಯನ್ನು ಕಂಪನಿ ತನ್ನ ತಟ್ಟೆಗಳ ಮೇಲೆಯೇ ಅಚ್ಚು ಹಾಕಿಸಿತು. ಮಾರುಕಟ್ಟೆಯ ಲೆಕ್ಕಾಚಾರವೇ ಎಲ್ಲವೂ ಆಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಸ್ವಾತಂತ್ರ್ಯ ಸಿಕ್ಕಷ್ಟು ಸುಲಭವಾಗಿ ಹಣ ಸಿಗಲಿಲ್ಲ. ತಮಗೆ ಬರಬೇಕಾದ ಪಾಲು ಬಂದಿಲ್ಲವೆಂದು ಅನೇಕ ಕಲಾವಿದರು ಮುಂದೆ ದೂರಿದರು. ಕಂಪನಿಗೆ ಲಾಭವೇ ಆಗಲಿಲ್ಲವೆಂದು ಸ್ಟೋಲ್ಮನ್ ಉತ್ತರಿಸಿದ. ಎಪ್ಪತ್ತರ ದಶಕದ ನಡುವೆ ಕಂಪನಿ ಕೆಲಸ ನಿಲ್ಲಿಸಿತು, ಬಹುಕಾಲದ ನಂತರ ಮತ್ತೆ ತೆರೆಯಿತು.

1964ರ ಜೂನ್‌ನಲ್ಲಿ ಐಲರ್ ಸ್ಟೋಲ್ಮನ್‌ಗೆ ಫೋನ್ ಮಾಡಿ, ತಾನೀಗ ಸಿದ್ಧ ಎಂದ. ಹೊಸ ಜೊತೆಗಾರನಾಗಿ ಗ್ಯಾರಿ ಪೀಕಾಕ್ ಸಿಕ್ಕಿದ್ದ. ಈ ಬಿಳಿಯ ತರುಣ ಬಿಲ್ ಎವಾನ್ಸ್‌ನಂಥ ನಾಜೂಕಿನ ಪಿಯಾನೊ ವಾದಕನ ತಂಡದಲ್ಲಿ ಹೆಸರು ಮಾಡಿದವನು. ಆ ಜೂನ್ 14ರಂದು ಮೂವರೂ ನ್ಯೂಯಾರ್ಕಿನ ಸೆಲ್ಲರ್ ಕೆಫೆಯಲ್ಲಿ ನುಡಿಸಿದ್ದರ ಮುದ್ರಣವೂ ಇದೆ. ಅದು 'ಪ್ರೊಫೆಸಿ' ಎಂಬ ಹೆಸರಿನಲ್ಲಿ ಬೆಳಕು ಕಂಡದ್ದು ಐಲರ್ ತೀರಿಕೊಂಡ ಬಳಿಕ. ತಿಂಗಳೊಪ್ಪತ್ತಿನಲ್ಲಿ ಮೂವರೂ ಸ್ಟುಡಿಯೊದಲ್ಲಿದ್ದರು. ಮುದ್ರಣ ನಡೆದದ್ದು ಸ್ಟೀರಿಯೊದಲ್ಲಲ್ಲ, ಹಳೆಯ ಮಾದರಿಯ ಮೋನೊದಲ್ಲಿ. ಎಡ-ಬಲ ಎಂದು ಬೇರ್ಪಡಿಸಲಾಗದ ಈ ಒಂದೇ ಧ್ವನಿಯೇ ತಟ್ಟೆಯ ಹೆಸರಿಗೆ ಹೊಂದಿಕೊಂಡದ್ದು ಒಂದು ಸೋಜಿಗ.

ಮೂರು ಕೈ, ಒಂದು ಧ್ವನಿ

ತಟ್ಟೆಯಲ್ಲಿರುವುದು ನಾಲ್ಕು ತುಣುಕುಗಳು. 'ಘೋಸ್ಟ್ಸ್' ಎಂಬ ಕೃತಿಯ ಎರಡು ರೂಪಗಳು ಮೊದಲಿಗೂ ಕೊನೆಗೂ ಇವೆ. ನಡುವೆ 'ದಿ ವಿಜರ್ಡ್' ಮತ್ತು 'ಸ್ಪಿರಿಟ್ಸ್'. ಪ್ರೇತ, ಮಾಂತ್ರಿಕ, ಆತ್ಮ ಎಂಬ ಹೆಸರುಗಳನ್ನು ನೋಡಿ ಹೆದರಬೇಕಿಲ್ಲ. ಇಂಗ್ಲಿಷಿನಲ್ಲಿ ಪವಿತ್ರಾತ್ಮವನ್ನು 'ಹೋಲಿ ಘೋಸ್ಟ್' ಎನ್ನುತ್ತಾರೆ. ಐಲರ್ ಕರೆಯುತ್ತಿದ್ದದ್ದು ಆ ಆತ್ಮವನ್ನು, ಚರ್ಚಿನಲ್ಲಿ ಜನರ ಮೈತುಂಬುತ್ತಿದ್ದ ಆ ಶಕ್ತಿಯನ್ನು.

'ಘೋಸ್ಟ್ಸ್' ಆರಂಭವಾದಾಗ ಮೊದಲು ಅಚ್ಚರಿಯಾಗುವುದು ಅದರ ಸರಳತೆ. ಧಾಟಿ ಎಷ್ಟು ಸುಲಭವೆಂದರೆ ಒಂದೆರಡು ಸಲ ಕೇಳಿದ ಮಗುವೂ ಗುನುಗಬಹುದು. ಜಾತ್ರೆಯ ಹಾಡಿನ ಹಾಗೆ, ಜೋಗುಳದ ಹಾಗೆ, ಹಳ್ಳಿಯ ಬ್ಯಾಂಡಿನ ಹಾಗೆ. ಅದನ್ನು ಐಲರ್ ನುಡಿಸುವ ರೀತಿ ಮಾತ್ರ ಬೇರೆ. ಗಡಸು ರೀಡ್ ಹಾಕಿ, ಎದೆಯ ಗಾಳಿಯನ್ನೆಲ್ಲ ಊದಿ ಹೊರಡಿಸಿದ ಭಾರೀ ಧ್ವನಿ. ಅದರ ತುದಿಯಲ್ಲಿ ಅಗಲವಾಗಿ ನಡುಗುವ ಕಂಪನ. ಇಂಥ ಕಂಪನ ಜಾಜ್‌ನ ಮೊದಲ ತಲೆಮಾರಿನವರಲ್ಲಿತ್ತು. ಸಿಡ್ನಿ ಬೆಷೆಯಂಥವರು ಹಾಗೆ ನುಡಿಸುತ್ತಿದ್ದರು. ಅರವತ್ತರ ದಶಕದ ಆಧುನಿಕರು ಅದನ್ನು ಹಳೆಯ ಕಾಲದ ಭಾವುಕತೆ ಎಂದು ಬಿಟ್ಟಿದ್ದರು. ಎಲ್ಲರಿಗಿಂತ ಮುಂದಕ್ಕೆ ಹೋದವನೆಂದು ಹೆಸರಾದ ಐಲರ್ ಎಲ್ಲರಿಗಿಂತ ಹಿಂದಕ್ಕೂ ಹೋಗಿದ್ದ.

ಧಾಟಿ ಮುಗಿದ ಮೇಲೆ ಬಾಗಿಲು ತೆರೆದುಕೊಳ್ಳುತ್ತದೆ. ಸ್ವರಗಳು ಒಡೆದು ಕೂಗಾಗುತ್ತವೆ. ಒಮ್ಮೆಗೇ ಎರಡು ಮೂರು ಸ್ವರ ಒಟ್ಟಿಗೆ ಸೀಳಿಕೊಂಡು ಬರುತ್ತವೆ. ವಾದ್ಯದ ಮಾಮೂಲಿ ವ್ಯಾಪ್ತಿಯನ್ನು ದಾಟಿದ ಎತ್ತರದ ಕಿರುಚು, ತಟ್ಟನೆ ಆಳದ ಗೊಗ್ಗರು ಕೂಗು. ಆತನಿಗೆ ಬೇಕಾದದ್ದು ಬಿಡಿ ಸ್ವರವಲ್ಲ, ಧ್ವನಿಯ ಬಣ್ಣ, ತೂಕ, ಚಲನೆ. ಇದನ್ನು ಕೇಳುವಾಗ ಒಂದೊಂದು ಸ್ವರವನ್ನು ಹಿಡಿಯಲು ಹೋಗಬೇಡಿ, ಇಡೀ ಧ್ವನಿ ಹೇಗೆ ಚಲಿಸುತ್ತದೆಂದು ನೋಡಿ ಎಂದು ಆತನ ತಮ್ಮ, ತುತ್ತೂರಿ ವಾದಕ ಡೊನಾಲ್ಡ್, 1966ರ ಒಂದು ಸಂದರ್ಶನದಲ್ಲಿ ಕೇಳುಗರಿಗೆ ಸಲಹೆ ಕೊಟ್ಟಿದ್ದ. ಮೊದಲ ಸಲ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ಇಲ್ಲ.

ಇನ್ನು ಐಕ್ಯದ ಪ್ರಶ್ನೆ. ಪೀಕಾಕ್‌ನ ಬೇಸ್ ಸ್ಯಾಕ್ಸೊಫೋನಿನ ಹಿಂದೆ ಹೆಜ್ಜೆ ಹಾಕುವ ಸೇವಕನಲ್ಲ. ಅದು ತನ್ನದೇ ಮಾತನ್ನು ಆಡುತ್ತದೆ. ಐಲರ್ ಮೇಲಕ್ಕೇರಿದಾಗ ಬೆರಳುಗಳು ತಂತಿಗಳ ಮೇಲೆ ದೌಡಾಯಿಸುತ್ತವೆ, ಆತ ನಿಂತಾಗ ಆ ಜಾಗವನ್ನು ತುಂಬುತ್ತವೆ. ಮರ್ರೆಯ ತಾಳದ ತಟ್ಟೆಗಳು ಇಬ್ಬರ ಸುತ್ತ ಗಾಳಿಯ ಹಾಗೆ ಇರುತ್ತವೆ. ಲಯ ಕಾಯುವ ಕೆಲಸ ಯಾರದೂ ಅಲ್ಲವಾದ್ದರಿಂದ ಅದು ಮೂವರದೂ ಆಯಿತು. ಸ್ವರಗುಚ್ಛಗಳ ಕರಾರು ಇಲ್ಲವಾದ್ದರಿಂದ ಮುಂದೆ ಎಲ್ಲಿ ತಿರುಗಬೇಕೆಂಬುದನ್ನು ಪ್ರತಿ ಕ್ಷಣವೂ ಪರಸ್ಪರ ಕೇಳಿಯೇ ತಿಳಿಯಬೇಕು. ಹಳೆಯ ಕಟ್ಟಿನಲ್ಲಿ ಒಬ್ಬ ಒಂದು ಗಳಿಗೆ ಮೈಮರೆತರೂ ಆವರ್ತ ಅವನನ್ನು ಕಾಪಾಡುತ್ತದೆ. ಇಲ್ಲಿ ಮೈಮರೆತರೆ ಎಲ್ಲವೂ ಕುಸಿಯುತ್ತದೆ. ಮೂವರನ್ನು ಹಿಡಿದಿಟ್ಟದ್ದು ಈ ಎಚ್ಚರ. ತಟ್ಟೆಯ ಹೆಸರಿನಲ್ಲಿರುವ ಐಕ್ಯ ಅಲಂಕಾರದ ಮಾತಲ್ಲ, ಕೆಲಸದ ಕ್ರಮ.

'ದಿ ವಿಜರ್ಡ್' ವೇಗದ ತುಣುಕು. 'ಸ್ಪಿರಿಟ್ಸ್' ನಿಧಾನವಾದ ಶೋಕ. ಕೊನೆಯದಾಗಿ ಮತ್ತೆ 'ಘೋಸ್ಟ್ಸ್'. ಮೊದಲ ರೂಪ ಐದು ನಿಮಿಷ ಇದ್ದರೆ ಈ ಎರಡನೆಯದು ಹತ್ತು ನಿಮಿಷ. ಅದೇ ಜೋಗುಳದ ಧಾಟಿ ಬರುತ್ತದೆ, ಒಡೆಯುತ್ತದೆ, ಎಲ್ಲ ಆರ್ಭಟದ ಕೊನೆಗೆ ಮತ್ತೆ ಬರುತ್ತದೆ. ಮೊದಲು ಮಗುವಿನ ಹಾಡಿನಂತೆ ಕೇಳಿದ್ದು ಈಗ ಬಹಳ ದೂರ ನಡೆದು ಮನೆ ಸೇರಿದವರ ಹಾಡಿನಂತೆ ಕೇಳುತ್ತದೆ.

ಹೊರಗಿನ ಬೀದಿ

ಈ ಮುದ್ರಣಕ್ಕೆ ಎಂಟು ದಿನ ಮೊದಲು, 1964ರ ಜುಲೈ 2ರಂದು, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದ್ದರು. ಹೋಟೆಲು, ಸಿನಿಮಾ ಮಂದಿರ, ಉದ್ಯೋಗಗಳಲ್ಲಿ ಬಣ್ಣದ ಆಧಾರದ ಮೇಲೆ ಭೇದ ಮಾಡುವುದು ಕಾನೂನುಬಾಹಿರವಾಯಿತು. ಮುದ್ರಣದ ಆರು ದಿನಗಳ ನಂತರ, ಜುಲೈ 16ರಂದು, ನ್ಯೂಯಾರ್ಕಿನಲ್ಲಿ ಹದಿನೈದು ವರ್ಷದ ಕಪ್ಪು ಬಾಲಕನೊಬ್ಬ ಪೊಲೀಸ್ ಅಧಿಕಾರಿಯ ಗುಂಡಿಗೆ ಬಲಿಯಾದ. ಹಾರ್ಲೆಮ್ ಹೊತ್ತಿ ಉರಿಯಿತು. ಕಾಗದದ ಮೇಲೆ ಸಿಕ್ಕ ಸ್ವಾತಂತ್ರ್ಯಕ್ಕೂ ಬೀದಿಯಲ್ಲಿ ಸಿಗದ ಸ್ವಾತಂತ್ರ್ಯಕ್ಕೂ ನಡುವಿನ ಎರಡು ವಾರಗಳಲ್ಲಿ ಈ ಸಂಗೀತ ಹುಟ್ಟಿತು.

ಆಗ ಲೆರಾಯ್ ಜೋನ್ಸ್ ಎಂಬ ಹೆಸರಿದ್ದ, ಮುಂದೆ ಅಮಿರಿ ಬರಾಕ ಆದ ಕವಿ-ವಿಮರ್ಶಕ ಈ ಸಂಗೀತದಲ್ಲಿ ಕಪ್ಪು ಜನರ ಬಂಡಾಯವನ್ನು ಕಂಡ. ಅದು ಸುಳ್ಳಲ್ಲ. ಆದರೆ ಐಲರ್‌ನ ಬಾಯಲ್ಲಿ ಸದಾ ಬರುತ್ತಿದ್ದ ಮಾತು ಆತ್ಮ, ದೇವರು, ಶಾಂತಿ. ಕೋಪದ ಸಂಗೀತವೆಂದು ಜನ ಕೇಳಿದ್ದನ್ನು ಆತ ಆನಂದದ ಸಂಗೀತವೆಂದು ನುಡಿಸಿದ್ದ. ಎರಡೂ ಅರ್ಥಗಳಿಗೆ ಅದರಲ್ಲಿ ಜಾಗವಿದೆ. ಚರ್ಚಿನಲ್ಲಿ ಕೂಗುವ ಭಕ್ತೆಯ ದನಿಯಲ್ಲಿ ನೋವು ಎಲ್ಲಿ ಮುಗಿಯಿತು, ಆನಂದ ಎಲ್ಲಿ ಆರಂಭವಾಯಿತು ಎಂದು ಗೆರೆ ಎಳೆದು ಹೇಳುವವರು ಯಾರು?

ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾನ್ ಕೋಲ್ಟ್ರೇನ್ ತನ್ನ 'ಎ ಲವ್ ಸುಪ್ರೀಮ್' ಮುದ್ರಿಸಿದ. ಅದೂ ದೇವರಿಗೆ ಅರ್ಪಿಸಿದ ಕೃತಿಯೇ. ಕೀರ್ತಿಯ ಶಿಖರದಲ್ಲಿದ್ದ ಕೋಲ್ಟ್ರೇನ್ ತನಗಿಂತ ಹತ್ತು ವರ್ಷ ಚಿಕ್ಕವನಾದ ಐಲರ್‌ನನ್ನು ಮನಃಪೂರ್ವಕ ಆಲಿಸಿದ. 1965ರ 'ಅಸೆನ್ಷನ್' ನಂತರದ ಆತನ ವಾದನದಲ್ಲಿ ಐಲರ್‌ನ ಪ್ರಭಾವ ನಿಚ್ಚಳ. ತಮ್ಮಿಬ್ಬರನ್ನೂ ಕೋಲ್ಟ್ರೇನ್‌ನ ಶಿಷ್ಯ ಫೇರೋ ಸ್ಯಾಂಡರ್ಸ್‌ನನ್ನೂ ಸೇರಿಸಿ ಐಲರ್ ಒಮ್ಮೆ ಕ್ರೈಸ್ತರ ತ್ರಿತ್ವಕ್ಕೆ ಹೋಲಿಸಿದ್ದ. ಕೋಲ್ಟ್ರೇನ್ ತಂದೆ, ಸ್ಯಾಂಡರ್ಸ್ ಮಗ, ತಾನು ಪವಿತ್ರಾತ್ಮ. 1967ರ ಜುಲೈನಲ್ಲಿ ಕೋಲ್ಟ್ರೇನ್ ನಲವತ್ತನೇ ವಯಸ್ಸಿಗೆ ತೀರಿಕೊಂಡಾಗ ನ್ಯೂಯಾರ್ಕಿನ ಸೇಂಟ್ ಪೀಟರ್ಸ್ ಚರ್ಚಿನ ಅಂತ್ಯಕ್ರಿಯೆಯಲ್ಲಿ ನುಡಿಸಿದವರು ಆರ್ನೆಟ್ ಕೋಲ್ಮನ್ ಮತ್ತು ಐಲರ್ ತಂಡಗಳು.

ಕೊನೆಯ ವರ್ಷಗಳು

ಮುಂದಿನ ದಿನಗಳು ಐಲರ್‌ಗೆ ಸುಖದವಾಗಿರಲಿಲ್ಲ. ಇಂಪಲ್ಸ್ ಎಂಬ ದೊಡ್ಡ ಕಂಪನಿಯ ಒಪ್ಪಂದವೇನೋ ಸಿಕ್ಕಿತು. ಜೊತೆಯಲ್ಲಿ ನುಡಿಸುತ್ತಿದ್ದ ತಮ್ಮ ಡೊನಾಲ್ಡ್ ಮಾನಸಿಕವಾಗಿ ಕುಸಿದು ಊರಿಗೆ ಮರಳಿದ. 1968ರ 'ನ್ಯೂ ಗ್ರಾಸ್' ತಟ್ಟೆಯಲ್ಲಿ ಐಲರ್ ಹಾಡು, ಕುಣಿತದ ಲಯ, ಪ್ರವಚನಗಳನ್ನು ಸೇರಿಸಿದಾಗ ಹಳೆಯ ಅಭಿಮಾನಿಗಳು ಮಾರಿಕೊಂಡ ಎಂದರು. ಹೊಸಬರು ಬರಲಿಲ್ಲ. 1970ರ ಜುಲೈನಲ್ಲಿ ಫ್ರಾನ್ಸಿನ ಮೇಗ್ ಪ್ರತಿಷ್ಠಾನದಲ್ಲಿ ನಡೆದ ಎರಡು ಕಛೇರಿಗಳಿಗೆ ಮಾತ್ರ ಜನ ಮನಸಾರೆ ಸ್ಪಂದಿಸಿದರು. ಅವುಗಳ ಪೂರ್ಣ ಮುದ್ರಣ 2022ರಲ್ಲಿ ಹೊರಬಂದಿದೆ. ಆ ನವೆಂಬರ್‌ನಲ್ಲಿ ಐಲರ್ ಕಾಣೆಯಾದ. ನವೆಂಬರ್ 25ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಶವ ಸಿಕ್ಕಿತು. ಆಗ ಆತನಿಗೆ ಮೂವತ್ತನಾಲ್ಕು. ಸಾವಿನ ಸುತ್ತ ವದಂತಿಗಳು ದಶಕಗಟ್ಟಲೆ ಹಬ್ಬಿದವು. ಅವುಗಳ ಅಬ್ಬರದಲ್ಲಿ ಆತನ ಸಂಗೀತ ಹಿಂದೆ ಸರಿದದ್ದೂ ಉಂಟು.

ಜೊತೆಗಾರರಿಬ್ಬರು ದೀರ್ಘಕಾಲ ಬದುಕಿದರು. ಪೀಕಾಕ್ 1983ರಿಂದ ಮೂರು ದಶಕ ಕೀತ್ ಜ್ಯಾರೆಟ್‌ನ ವಿಶ್ವವಿಖ್ಯಾತ ತಂಡದಲ್ಲಿ ನುಡಿಸಿ 2020ರಲ್ಲಿ ತೀರಿಕೊಂಡ. ಯುರೋಪಿನಲ್ಲಿ ನೆಲೆಸಿದ ಮರ್ರೆ 2017ರಲ್ಲಿ ನಿಧನನಾದ. ವಕೀಲ ಸ್ಟೋಲ್ಮನ್ ಕಾಲವಾದದ್ದು 2015ರಲ್ಲಿ. 2004ರಲ್ಲಿ ಐಲರ್‌ನ ಅಪ್ರಕಟಿತ ಮುದ್ರಣಗಳ ದೊಡ್ಡ ಪೆಟ್ಟಿಗೆಯೊಂದು 'ಹೋಲಿ ಘೋಸ್ಟ್' ಎಂಬ ಹೆಸರಿನಲ್ಲಿ ಹೊರಬಂತು. ಮರುವರ್ಷ ಸ್ವೀಡನ್ನಿನ ಕ್ಯಾಸ್ಪರ್ ಕೊಲೀನ್ ಸಾಕ್ಷ್ಯಚಿತ್ರ ತೆಗೆದ. ಗಿಟಾರ್ ವಾದಕ ಮಾರ್ಕ್ ರಿಬೊ ಐಲರ್‌ನ ಕೃತಿಗಳನ್ನು ನುಡಿಸಲೆಂದೇ ಕಟ್ಟಿದ ತಂಡಕ್ಕೆ ಈ ತಟ್ಟೆಯ ಹೆಸರನ್ನೇ ಇಟ್ಟ.

ಸ್ಯಾಕ್ಸೊಫೋನ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕದ್ರಿ ಗೋಪಾಲನಾಥ್. 2019ರಲ್ಲಿ ಅಗಲಿದ ಅವರು ಬ್ಯಾಂಡಿನ ಈ ವಾದ್ಯವನ್ನು ಗಮಕಗಳಿಗೆ ಒಗ್ಗಿಸಿ ಕರ್ನಾಟಕ ಸಂಗೀತದ ವೇದಿಕೆಗೆ ತಂದರು. 1980ರ ಮುಂಬೈ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 2008ರಲ್ಲಿ ಭಾರತೀಯ ಮೂಲದ ಅಮೆರಿಕನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆಗೂಡಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ತಂದರು. ಕದ್ರಿಯವರ ದಾರಿ ಬೇರೆ, ಐಲರ್‌ನ ದಾರಿ ಬೇರೆ. ಆದರೆ ಈ ವಾದ್ಯದಿಂದ ಇಂಥ ಧ್ವನಿ ಬರಲಾರದು, ಬರಬಾರದು ಎಂಬ ಮಾತನ್ನು ಇಬ್ಬರೂ ಕೇಳಿಸಿಕೊಂಡವರು. ಇಬ್ಬರೂ ನುಡಿಸಿಯೇ ಉತ್ತರ ಹೇಳಿದರು.

ಹೊಸ ಧ್ವನಿಯನ್ನು ಗದ್ದಲವೆಂದು ತಳ್ಳಿಹಾಕುವುದು ಎಲ್ಲ ಕಾಲದಲ್ಲೂ ಸುಲಭ. 'ಸ್ಪಿರಿಚುವಲ್ ಯೂನಿಟಿ' ಇಂದಿಗೂ ಸುಲಭದ ತಟ್ಟೆಯಲ್ಲ. ಮೊದಲ ಸಲ ಕೇಳಿದವರಿಗೆ ತಲೆ ಸಿಡಿಯಬಹುದು. ಎರಡನೆಯ ಸಲ ಸ್ಯಾಕ್ಸೊಫೋನನ್ನು ಬಿಟ್ಟು ಬೇಸ್ ಒಂದನ್ನೇ ಹಿಂಬಾಲಿಸಬೇಕು. ಮೂರನೆಯ ಸಲ ಮರ್ರೆಯ ತಾಳದ ತಟ್ಟೆಗಳನ್ನು. ಅಷ್ಟಾದ ಮೇಲೆ ಮೂರನ್ನೂ ಒಟ್ಟಿಗೆ ಕೇಳಿದರೆ, ಮೂವರೂ ಒಬ್ಬರ ಮಾತಿಗೊಬ್ಬರು ಕಿವಿಗೊಟ್ಟಿದ್ದಾರೆಂಬುದು ತಿಳಿಯುತ್ತದೆ. ಗದ್ದಲದಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಇಲ್ಲಿ ಮೂವರೂ ಕೇಳುತ್ತಿದ್ದಾರೆ.